ಕಾಪುವಿನಲ್ಲಿ ಒಂಬತ್ತು ಎಲೆ

ನಮ್ಮ ಮನೆಯಿಂದ ಸಮುದ್ರಕ್ಕೆ ಮೂರು ಮೈಲಿ. ಇಷ್ಟು ಹತ್ತಿರದವರು ದುಡ್ಡು ಕೊಟ್ಟು ಸಮುದ್ರದ ಬದಿಯಲ್ಲಿ ನಾಲ್ಕು ದಿನ ಉಳಿಯಲು ಹೋಗುತ್ತೇವೆ ಎಂದಾಗ ಪಕ್ಕದ ಮನೆಯ ಹೆಂಗಸು ನನ್ನ ಮುಖವನ್ನೇ ನೋಡಿದರು. ಮಲ್ಪೆಗೆ ಹೋಗಿ ಸಂಜೆ ವಾಪಸ್ಸು ಬಂದರೆ ಸಾಲದೇ, ರಾತ್ರಿ ಅಲ್ಲೇ ಮಲಗಿ ನೋಡುವಂಥದ್ದು ಏನುಂಟು ಎಂದು ಅವರ ಪ್ರಶ್ನೆ. ಅವರದ್ದೂ ತಪ್ಪಲ್ಲ. ಸಮುದ್ರದ ನೆಂಟಸ್ತನ, ಉಪ್ಪಿಗೆ ಬಡತನ ಎಂಬ ಗಾದೆ ನಮ್ಮಂಥವರನ್ನು ನೋಡಿಯೇ ಹುಟ್ಟಿರಬೇಕು. ಉಡುಪಿಯಲ್ಲಿ ಹುಟ್ಟಿ ಬೆಳೆದರೂ ನಾವು ಸಮುದ್ರಕ್ಕೆ ಹೋಗುತ್ತಿದ್ದದ್ದು ಗ್ರಹಣದ ಸ್ನಾನಕ್ಕೆ, ಅಮಾವಾಸ್ಯೆಯ ಸ್ನಾನಕ್ಕೆ, ಅಥವಾ ಯಾರದ್ದಾದರೂ ಅಸ್ಥಿ ಬಿಡುವುದಕ್ಕೆ. ಅಮ್ಮನದನ್ನು ಬಿಟ್ಟು ಬಂದದ್ದೂ ಅಲ್ಲಿಯೇ. ಅದರ ನಂತರ ನಾನು ಆ ಕಡೆ ತಲೆ ಹಾಕಿರಲಿಲ್ಲ.

ಇದೆಲ್ಲ ಎಂಬತ್ತರ ದಶಕದ ಮೊದಲ ವರ್ಷಗಳ ಮಾತು. ಆಗ ನನಗೆ ಮೂವತ್ತನಾಲ್ಕು. ಮದುವೆಯಾಗಿರಲಿಲ್ಲ. ಏಕೆ ಎಂದು ಕೇಳುತ್ತಿದ್ದವರೂ ಅಷ್ಟರಲ್ಲಿ ಕೇಳಿ ಕೇಳಿ ಸುಸ್ತಾಗಿ ಬಿಟ್ಟುಬಿಟ್ಟಿದ್ದರು. ಮಣಿಪಾಲದ ಒಂದು ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದೆ. ಹೈಸ್ಕೂಲಿನಲ್ಲಿ ಸಂಸ್ಕೃತ ಕಲಿಸಿ ನಿವೃತ್ತರಾಗಿದ್ದ ಅಪ್ಪಯ್ಯ ಮತ್ತು ನಾನು ಉಡುಪಿಯ ಒಂದು ಬಾಡಿಗೆ ಮನೆಯಲ್ಲಿ ಇದ್ದೆವು. ಅಣ್ಣ ಬೊಂಬಾಯಿಯಲ್ಲಿ ಬ್ಯಾಂಕಿನ ಕೆಲಸದಲ್ಲಿದ್ದ. ಅವನಿಗೆ ಹೆಂಡತಿ, ಇಬ್ಬರು ಮಕ್ಕಳು. ತಂಗಿಯನ್ನು ಕಾರ್ಕಳಕ್ಕೆ ಕೊಟ್ಟಿತ್ತು. ಭಾವ ಅಲ್ಲಿ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದರು. ಅವರಿಗೆ ಒಬ್ಬಳು ಮಗಳು.

ಅಪ್ಪಯ್ಯ ಕೆಟ್ಟವರಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲವಾದರೆ ಮುಂದಿನದನ್ನು ಓದಿ ಜನ ಏನೇನೋ ಅಂದುಕೊಳ್ಳುತ್ತಾರೆ. ಒಂದು ದಿನವೂ ಅವರು ನನಗೆ ಗದರಿಸಿದ್ದಿಲ್ಲ. ಉಪ್ಪು ಹೆಚ್ಚಾದರೆ ಹೆಚ್ಚಾಯಿತು ಎಂದೂ ಹೇಳುತ್ತಿರಲಿಲ್ಲ, ಏಕೆಂದರೆ ಊಟದ ಹೊತ್ತಿಗೆ ಅವರದ್ದು ಮೌನ. ಏನಾದರೂ ಬೇಕಾದರೆ ಸಣ್ಣಕ್ಕೆ ಒಮ್ಮೆ ಕೆಮ್ಮುತ್ತಿದ್ದರು. ಅದು ಅನ್ನಕ್ಕೋ ಸಾರಿಗೋ ಮಜ್ಜಿಗೆಗೋ ಎಂಬುದು ನನಗೆ ಎಲೆ ನೋಡದೆಯೇ ಗೊತ್ತಾಗುತ್ತಿತ್ತು. ಅವರ ಊಟ ಮುಗಿದ ಮೇಲೆ ನೆಲ ಒರೆಸಿ, ಅಡುಗೆಮನೆಯ ಗೋಡೆಗೆ ಬೆನ್ನು ಕೊಟ್ಟು ನಾನು ಉಣ್ಣುತ್ತಿದ್ದೆ. ಬೆಳಿಗ್ಗೆ ಬಸ್ಸಿಗೆ ಓಡುವ ಅವಸರ, ಆಗ ಏನೂ ಅನಿಸುತ್ತಿರಲಿಲ್ಲ. ರಾತ್ರಿ ಅನಿಸುತ್ತಿತ್ತು. ನಾನು ಅಗಿಯುವ ಸದ್ದು ನನಗೇ ಕೇಳಿಸುತ್ತಿತ್ತು. ಒಂದು ತುತ್ತಿಗೂ ಇನ್ನೊಂದು ತುತ್ತಿಗೂ ನಡುವೆ ಮಾತಾಡಲು ಒಂದು ಜನ ಬೇಕು ಎಂದು ಎಷ್ಟೋ ರಾತ್ರಿ ಅಳು ಬರುವಷ್ಟು ಅನಿಸಿದೆ. ರೇಡಿಯೋ ಹಾಕಿಕೊಳ್ಳುತ್ತಿದ್ದೆ. ವಾರ್ತೆ ಓದುವವರು ನಮ್ಮ ಊಟ ಆಯಿತೇ ಎಂದು ಕೇಳುವುದಿಲ್ಲವಲ್ಲ.

ಅಮ್ಮ ಇದ್ದಾಗ ಹೀಗಿರಲಿಲ್ಲ. ಆಗಲೂ ಗಂಡಸರು ಮೊದಲು, ಹೆಂಗಸರು ಕೊನೆಗೆ. ಆದರೆ ಆ ಕೊನೆಯ ಪಂಕ್ತಿಯೇ ಮನೆಯ ಅತ್ಯುತ್ತಮ ಪಂಕ್ತಿಯಾಗಿತ್ತು. ಅಮ್ಮ, ನಾನು, ತಂಗಿ ಅಡುಗೆಮನೆಯ ನೆಲದಲ್ಲೇ ಸಾಲಾಗಿ ಕೂರುತ್ತಿದ್ದೆವು. ಪಾತ್ರೆಯಲ್ಲಿ ಉಳಿದದ್ದನ್ನೆಲ್ಲ ಅಮ್ಮ ಒಟ್ಟಿಗೆ ಕಲಸಿ ಮೂರು ಪಾಲು ಮಾಡುತ್ತಿದ್ದಳು. ಗಂಡಸರಿಗೆ ಬಡಿಸುವಾಗ ಯಾರು ಹೇಗೆ ಸೊರಸೊರ ಸದ್ದು ಮಾಡಿ ಉಂಡರು ಎಂದು ನಕಲು ಮಾಡಿ ತೋರಿಸುತ್ತಿದ್ದಳು. ನಾವು ನಕ್ಕು ನಕ್ಕು ಕೈ ಒಣಗುವವರೆಗೆ ಏಳುತ್ತಿರಲಿಲ್ಲ. ಎಪ್ಪತ್ತರ ದಶಕದ ನಡುವಿನಲ್ಲಿ ಅಮ್ಮ ಹೋದಳು. ಎರಡು ವರ್ಷ ತಂಗಿ ಮತ್ತು ನಾನು ಕೂತು ಉಂಡೆವು. ಆಮೇಲೆ ತಂಗಿಯ ಮದುವೆಯಾಯಿತು. ಅಡುಗೆ ಮಾಡಿದವಳಿಗಿಂತ ಬಡಿಸಿದವಳೇ ಮೇಲು ಎನ್ನುತ್ತಾರೆ. ನಮ್ಮ ಮನೆಯಲ್ಲಿ ಮಾಡಿದವಳೂ ನಾನೇ, ಬಡಿಸಿದವಳೂ ನಾನೇ, ಮೇಲು ಕೀಳು ಎಂಬ ತಕರಾರಿಗೆ ಜಾಗವೇ ಇರಲಿಲ್ಲ.

ಹೀಗಿರುವಾಗ ಒಂದು ಮಳೆಗಾಲದಲ್ಲಿ ಅಣ್ಣನ ಕಾಗದ ಬಂತು. ಈ ಸಲ ದೀಪಾವಳಿ ರಜೆಗೆ ಊರಿಗೆ ಬಂದವನು ಮನೆಯಲ್ಲೇ ಕೂರುವುದಿಲ್ಲವಂತೆ. ಅವನ ಬ್ಯಾಂಕಿನ ಒಬ್ಬರು ಕುಟುಂಬದೊಟ್ಟಿಗೆ ಗೋವಾಕ್ಕೆ ಹೋಗಿ ಬಂದಿದ್ದರಂತೆ. ಅಲ್ಲಿ ಕೋಣೆ, ಕಾಫಿ, ತಿಂಡಿ, ಎರಡು ಹೊತ್ತಿನ ಊಟ ಎಲ್ಲ ಸೇರಿಸಿ ತಲೆಗೆ ಇಷ್ಟು ಎಂದು ಒಮ್ಮೆ ಕೊಟ್ಟರೆ ಮುಗಿಯಿತಂತೆ, ಆಮೇಲೆ ಯಾರೂ ಯಾವುದಕ್ಕೂ ಕೈ ಹಾಕಬೇಕಾಗಿಲ್ಲವಂತೆ. ಅಂಥದ್ದು ನಮ್ಮ ಕಡೆ ಇದ್ದರೆ ನೋಡು, ತಂಗಿ ಭಾವನನ್ನೂ ಸೇರಿಸಿ ಎಲ್ಲರೂ ಹೋಗುವ, ಖರ್ಚು ನನ್ನದು ಎಂದು ಬರೆದಿದ್ದ. ರೆಸಾರ್ಟ್ ಎಂಬ ಶಬ್ದ ಆಗ ನಮ್ಮ ಊರಿಗೆ ಬಂದಿರಲಿಲ್ಲ. ಆದರೆ ಯಾರೂ ಯಾವುದಕ್ಕೂ ಕೈ ಹಾಕಬೇಕಾಗಿಲ್ಲ ಎಂಬ ಮಾತನ್ನು ನಾನು ಬಸ್ಸಿನಲ್ಲಿ, ಆಫೀಸಿನಲ್ಲಿ, ಒಲೆಯ ಮುಂದೆ ನೆನೆದುಕೊಂಡೆ. ಎಲ್ಲರೂ ಒಟ್ಟಿಗೆ ಕೂತು ಉಣ್ಣುವ ಪಂಕ್ತಿ. ಬಡಿಸುವವರು ಬೇರೆ ಯಾರೋ. ಆ ಪಂಕ್ತಿಯಲ್ಲಿ ನನ್ನದೂ ಒಂದು ಎಲೆ. ನನಗೆ ಸಮುದ್ರ ಬೇಕಿರಲಿಲ್ಲ, ಅದು ಬೇಕಿತ್ತು.

ಹುಡುಕುವುದು ಸುಲಭವಾಗಿರಲಿಲ್ಲ. ಅಪ್ಪಯ್ಯ ಸಿಕ್ಕ ಸಿಕ್ಕಲ್ಲಿ ಉಣ್ಣುವವರಲ್ಲ. ಅವರು ಒಪ್ಪುವ ಅಡುಗೆಮನೆ ಇದ್ದರೆ ಮಾತ್ರ ನನ್ನ ಎಲೆಗೆ ಜಾಗ. ಅವರಿಗೆ ಬೇರೆ ಒಲೆ ಹಚ್ಚಬೇಕಾಗಿ ಬಂದರೆ ಅದನ್ನು ಹಚ್ಚುವವಳು ನಾನೇ. ಹಾಗಾಗಿ ನಾನು ನೋಡಹೊರಟದ್ದು ಕಡಲನ್ನಲ್ಲ, ಬಾವಿ ಮತ್ತು ಅಡುಗೆಮನೆಯನ್ನು.

ಮೊದಲ ಭಾನುವಾರ ಕೆಮ್ಮಣ್ಣಿಗೆ ಹೋದೆ. ಹೊಳೆಯ ಬದಿಯಲ್ಲಿ, ತೆಂಗಿನ ತೋಟದ ನಡುವೆ ಚಂದದ ಹಂಚಿನ ಮನೆ. ಅಲ್ಲಿಂದ ದೋಣಿಯಲ್ಲಿ ಆಚೆ ದಾಟಿದರೆ ಸಮುದ್ರ. ಅತ್ತಿಗೆ ನೋಡಿದರೆ ಕುಣಿಯುತ್ತಿದ್ದಳು. ಮನೆಯ ಯಜಮಾನಿ ಒಂದೊಂದೇ ಕೋಣೆ ತೋರಿಸಿ, ಕೊನೆಗೆ ಬಹಳ ಹೆಮ್ಮೆಯಿಂದ ಒಂದು ಬಾಗಿಲು ತೆರೆದರು. ಒಳಗೆ ಸಾರಿಸಿದ ಒಲೆ, ರುಬ್ಬುವ ಕಲ್ಲು, ಹೊಳೆಯುವ ಪಾತ್ರೆಗಳು. ನಿಮ್ಮವರಿಗೆ ಅನುಕೂಲ ಆಗಲಿ ಎಂದು ಎಲ್ಲ ಇಟ್ಟಿದ್ದೇನೆ, ನೀವೇ ಅಡುಗೆ ಮಾಡಿಕೊಳ್ಳಬಹುದು ಎಂದರು. ನನಗೆ ಆ ರುಬ್ಬುವ ಕಲ್ಲನ್ನು ಕಂಡು ಬಂದ ಸಿಟ್ಟು ಅಷ್ಟಿಷ್ಟಲ್ಲ. ಪಾಪ, ಅವರಿಗೇನು ಗೊತ್ತು. ಸೊಳ್ಳೆ ಜಾಸ್ತಿ ಎಂದು ಒಂದು ನೆವ ಹೇಳಿ ಬಸ್ಸು ಹತ್ತಿದೆ.

ಎರಡನೆಯದು ಮಲ್ಪೆಯ ಹತ್ತಿರದ ಒಂದು ಲಾಡ್ಜ್. ಊಟ ತಿಂಡಿ ಎಲ್ಲ ಉಂಟು, ಆದರೆ ಒಂದೇ ಅಡುಗೆಮನೆ. ಅದರ ಮಾಲೀಕರು ಒಳ್ಳೆಯ ಮನುಷ್ಯ. ನೀವು ಇರುವಷ್ಟು ದಿನ ಮೀನು ಹುರಿಯುವುದಿಲ್ಲ, ಬೇಕಾದರೆ ಬಾಣಲೆಯನ್ನೇ ಹೊಸತು ತರಿಸುತ್ತೇನೆ ಎಂದರು. ಆದರೆ ಮೀನಿನ ವಾಸನೆ ಹಿಡಿದ ಗೋಡೆಯನ್ನೂ ಹೊಸತು ತರಿಸಲು ಆಗುತ್ತದೆಯೇ. ಅಪ್ಪಯ್ಯ ಹೊಸ್ತಿಲು ದಾಟಲಿಕ್ಕಿಲ್ಲ ಎಂದು ನನಗೆ ಗೊತ್ತಿತ್ತು.

ಮೂರನೆಯದು ಕಾಪು. ಕಟಪಾಡಿಯಲ್ಲಿ ಬಸ್ಸು ಬದಲಿಸಿ, ಪೇಟೆಯಲ್ಲಿ ಇಳಿದು, ಕೊಡೆ ಹಿಡಿದು ಕಡಲಿನ ಕಡೆಗೆ ನಡೆದೆ. ಬೊಂಬಾಯಿಯಲ್ಲಿ ಬಹಳ ವರ್ಷ ಕ್ಯಾಂಟೀನು ನಡೆಸಿ ಊರಿಗೆ ವಾಪಸಾದ ಒಬ್ಬರು ಅಲ್ಲಿ ಹೊಸತಾಗಿ ಆರು ಕೋಣೆಗಳ ಗೆಸ್ಟ್ ಹೌಸ್ ಕಟ್ಟಿಸಿದ್ದರು. ಜಗಲಿಯಲ್ಲಿ ನಿಂತರೆ ದೀಪಸ್ತಂಭ ಕಾಣುತ್ತಿತ್ತು. ನಾನು ಅತ್ತ ಒಮ್ಮೆ ನೋಡಿ, ಬಾವಿ ಎಲ್ಲಿ ಎಂದು ಕೇಳಿದೆ. ಅವರು ನಕ್ಕರು. ಬಾವಿ ಬೇರೆ, ಅಡುಗೆಗೆ ಉಡುಪಿ ಕಡೆಯ ಭಟ್ಟರು, ಸ್ನಾನ ಮಾಡದೆ ಒಲೆಯ ಹತ್ತಿರ ಹೋಗುವುದಿಲ್ಲ, ಮೀನು ಈ ಕಾಂಪೌಂಡಿನ ಒಳಗೇ ಇಲ್ಲ ಎಂದು ನಾನು ಕೇಳುವ ಮೊದಲೇ ಎಲ್ಲ ಹೇಳಿದರು. ಭಟ್ಟರನ್ನು ಕರೆದು ಮಾತಾಡಿಸಿದೆ. ಅವರ ಸೋದರಮಾವ ಅಪ್ಪಯ್ಯನಿಗೆ ಗೊತ್ತಿದ್ದವರೇ. ಮನೆಯ ಹುಡುಗಿಗೆ ಗಂಡು ಗೊತ್ತಾದಷ್ಟು ಸಮಾಧಾನ ನನಗಾಯಿತು.

ಉದ್ದದ ಜಗಲಿಯನ್ನು ತೋರಿಸಿ, ಊಟ ಇಲ್ಲಿಯೇ, ಕಡಲನ್ನು ನೋಡುತ್ತ ಉಣ್ಣಬಹುದು ಎಂದರು ಮಾಲೀಕರು. ಮತ್ತೆ ಕೇಳಿದರು:

"ಒಟ್ಟು ಎಷ್ಟು ಎಲೆ ಅಕ್ಕ?"

ಅಪ್ಪಯ್ಯ, ಅಣ್ಣ, ಅತ್ತಿಗೆ, ಅವರ ಮಕ್ಕಳಿಬ್ಬರು, ತಂಗಿ, ಭಾವ, ಅವರ ಮಗಳು. ಬೆರಳು ಮಡಚಿ ಎಣಿಸಿದೆ. ನನ್ನನ್ನು ಕೊನೆಗೆ ಸೇರಿಸಿ, "ಒಂಬತ್ತು" ಎಂದೆ. ಹಾಗೆ ಹೇಳುವಾಗ ನನ್ನ ಸ್ವರ ಸ್ವಲ್ಪ ದೊಡ್ಡದಾಗಿಯೇ ಬಂತು.

ಅಪ್ಪಯ್ಯ ಭಟ್ಟರ ಸೋದರಮಾವನ ಹೆಸರು ಕೇಳಿ ತಲೆಯಾಡಿಸಿದರು. ಅಣ್ಣ ರಜೆಯ ದಿನಗಳನ್ನು ಬರೆದು ತಿಳಿಸಿದ. ನಾನು ಪಂಚಾಂಗ ತೆಗೆದು, ಏಕಾದಶಿಯ ಉಪವಾಸ ನಡುವೆ ಸಿಕ್ಕಿಹಾಕಿಕೊಳ್ಳದ ಹಾಗೆ ನೋಡಿ, ದೀಪಾವಳಿಗೆ ಸ್ವಲ್ಪ ಮೊದಲಿನ ನಾಲ್ಕು ದಿನ ಗೊತ್ತು ಮಾಡಿದೆ. ಎಲ್ಲ ನೋಡಿದ್ದೆ ಎಂದೇ ತಿಳಿದಿದ್ದೆ. ತಿಥಿ ನೋಡಿದ ನಾನು ತಿಂಗಳನ್ನೇ ನೋಡಿರಲಿಲ್ಲ.

ನವರಾತ್ರಿ ಮುಗಿದ ಮೇಲೆ ಬೇಳೆಯ ಡಬ್ಬಗಳನ್ನು ಅಟ್ಟಕ್ಕೆ ಏರಿಸುವುದು ನಮ್ಮಲ್ಲಿ ಪ್ರತಿವರ್ಷದ ಕೆಲಸ. ಚಾತುರ್ಮಾಸ್ಯದ ನಾಲ್ಕು ತಿಂಗಳು ಒಂದೊಂದನ್ನು ಬಿಡಬೇಕು: ಮೊದಲ ತಿಂಗಳು ತರಕಾರಿ, ಮತ್ತೆ ಮೊಸರು, ಮತ್ತೆ ಹಾಲು, ಕೊನೆಯ ತಿಂಗಳು ಬೇಳೆಕಾಳು. ಅಪ್ಪಯ್ಯ ಇದನ್ನು ಒಂದು ವರ್ಷವೂ ತಪ್ಪಿಸಿದವರಲ್ಲ. ಆ ವರ್ಷವೂ ಸ್ಟೂಲು ಹತ್ತಿ ತೊಗರಿ ಇಟ್ಟೆ, ಹೆಸರು ಇಟ್ಟೆ. ಉದ್ದಿನ ಡಬ್ಬ ಕೈಯಲ್ಲಿರುವಾಗ ಕಾಪು ನೆನಪಾಯಿತು. ಬೇಳೆ ಇಲ್ಲದೆ ಹೊರಗಿನ ಅಡುಗೆ ಯಾವುದುಂಟು? ಇಡ್ಲಿಯಲ್ಲಿ ಉದ್ದು, ದೋಸೆಯಲ್ಲಿ ಉದ್ದು, ಸಾಂಬಾರಿನಲ್ಲಿ ತೊಗರಿ, ಸಾರಿನಲ್ಲಿ ತೊಗರಿ, ಏನೂ ಇಲ್ಲದ ಚಟ್ನಿಯ ಒಗ್ಗರಣೆಯಲ್ಲೂ ಎರಡು ಕಾಳು ಉದ್ದಿನಬೇಳೆ. ಸ್ಟೂಲಿನ ಮೇಲೆಯೇ ನಿಂತುಬಿಟ್ಟೆ.

ಇಳಿದು ಬಂದು ಅಪ್ಪಯ್ಯನಿಗೆ ಹೇಳಿದೆ. ದಿನ ಬದಲಿಸಲು ಬರೆಯುವುದಾ ಎಂದು ಕೇಳಿದೆ. ಅವರು ಓದುತ್ತಿದ್ದ ಪುಸ್ತಕದಿಂದ ತಲೆ ಎತ್ತಿದರು. ಮುಖದಲ್ಲಿ ಗಾಬರಿ ಎಂಬುದು ಸ್ವಲ್ಪವೂ ಇರಲಿಲ್ಲ.

"ಅದಕ್ಕೆಂತ? ನೀನಿದ್ದೀಯಲ್ಲ."

ಅಂದರೆ ಅವರಿಗೆ ಮೊದಲಿನಿಂದಲೂ ಗೊತ್ತಿತ್ತು. ಅಣ್ಣನ ಕಾಗದ ಓದಿದ ದಿನವೇ ಗೊತ್ತಿತ್ತು. ನಾನು ಭಾನುವಾರ ಭಾನುವಾರ ಮಳೆಯಲ್ಲಿ ಬಸ್ಸು ಹತ್ತಿ ಊರೂರು ಅಡುಗೆಮನೆ ಇಣುಕಿದ್ದನ್ನು ಅವರು ಉಳಿದವರಿಗಾಗಿ ಎಂದುಕೊಂಡಿದ್ದರು. ತಪ್ಪು ಎಂಬುದು ಅವರ ಲೆಕ್ಕದಲ್ಲಿ ಆಗಿಯೇ ಇರಲಿಲ್ಲ.

ಆದರೂ ನಾನು ಬಿಡಲಿಲ್ಲ. ಒಂದು ಸಂಜೆ ಆಫೀಸಿನಿಂದ ನೇರ ಕಾಪುವಿಗೆ ಹೋಗಿ ಭಟ್ಟರನ್ನು ಕಂಡೆ. ಒಂದು ಎಲೆಗೆ ಮಾತ್ರ ಬೇಳೆ ಇಲ್ಲದೆ ಮಾಡಲಿಕ್ಕಾಗುತ್ತದಾ ಎಂದು ಕೇಳಿದೆ. ಅವರು ಖುಷಿಯಿಂದಲೇ ಒಪ್ಪಿದರು. ನೀರುದೋಸೆ ಉಂಟು, ಕಾಳುಮೆಣಸಿನ ಸಾರು ಉಂಟು, ಗಡ್ಡೆಯ ಮಜ್ಜಿಗೆಹುಳಿ ಉಂಟು, ಅಪ್ಪಯ್ಯನವರಿಗೆ ಯಾವ ಕೊರತೆಯೂ ಆಗುವುದಿಲ್ಲ ಎಂದರು. ನಾನು ಗೆದ್ದವಳ ಹಾಗೆ ಮನೆಗೆ ಬಂದು ಅದನ್ನು ಹೇಳಿದೆ. ಅಪ್ಪಯ್ಯ, ಅವನು ಮಾಡಿಯಾನು, ಆದರೆ ಬೇಳೆಗೂ ಇದಕ್ಕೂ ಅವನ ಸೌಟು ಒಂದೇ, ಕೈ ಒಂದೇ ಎಂದರು. ಮತ್ತೆ ಪುಸ್ತಕಕ್ಕೆ ತಿರುಗಿದರು. ಅಲ್ಲಿಗೆ ಮುಗಿಯಿತು. ಎರಡು ಪಾತ್ರೆ, ಒಂದು ಸೌಟು, ಸೀಮೆಎಣ್ಣೆಯ ಸ್ಟೌ ಗೋಣಿಯಲ್ಲಿ ಕಟ್ಟಿಕೊಂಡು ನಾನು ರಜೆಗೆ ಹೊರಟೆ.

ಗೆಸ್ಟ್ ಹೌಸಿನ ಮಾಲೀಕರು ಪಾಪ, ಹಿಂಬದಿಯ ಸಾಮಾನು ಕೋಣೆಯನ್ನು ತೊಳೆಸಿ ನನಗೆ ಬಿಟ್ಟುಕೊಟ್ಟರು. ಜಗಲಿಗೂ ಅದಕ್ಕೂ ನಡುವೆ ಒಂದೇ ಗೋಡೆ. ಅದರ ಕಿಟಕಿಯಿಂದ ಕಡಲು ಕಾಣುತ್ತಿರಲಿಲ್ಲ, ಬಾವಿಕಟ್ಟೆ ಕಾಣುತ್ತಿತ್ತು. ಅಪ್ಪಯ್ಯ ಸ್ನಾನ, ಸಂಧ್ಯಾವಂದನೆ, ಜಪ ಎಲ್ಲ ಮುಗಿಸಿ ಉಣ್ಣಲು ಕೂರುವಾಗ ಒಂದು ಗಂಟೆ. ಜಗಲಿಯಲ್ಲಿ ಹನ್ನೆರಡಕ್ಕೇ ಎಲೆ ಹಾಕುತ್ತಿದ್ದರು, ಮಕ್ಕಳು ನೀರಿನಲ್ಲಿ ಆಡಿ ಹಸಿದು ಬರುತ್ತಿದ್ದರಲ್ಲ. ಮೊದಲ ದಿನ ಭಟ್ಟರು ಒಂಬತ್ತು ಎಲೆ ಹಾಕಿದರಂತೆ. ಅಪ್ಪಯ್ಯನದ್ದು ಒಳಗೆ, ಅವಳು ಆಮೇಲೆ ಉಣ್ಣುತ್ತಾಳೆ ಎಂದು ಅಣ್ಣ ಹೇಳಿ ಎರಡನ್ನು ತೆಗೆಸಿದನಂತೆ. ಅವನಿಗೆ ಅದು ಎಷ್ಟು ಸಹಜವೆಂದರೆ ನನ್ನೆದುರೇ ಅದನ್ನು ಹೇಳಿದ.

ಗೋಡೆಯ ಆಚೆಯಿಂದ ಎಲ್ಲ ಕೇಳುತ್ತಿತ್ತು. ಭಾವನ ನಗು, ಅತ್ತಿಗೆ ಮಕ್ಕಳಿಗೆ ಹಪ್ಪಳ ಮುರಿದು ಕೊಡುವುದು, ತಂಗಿ ಇನ್ನು ಸಾಕು ಸಾಕು ಎನ್ನುತ್ತ ಇನ್ನೊಮ್ಮೆ ಹಾಕಿಸಿಕೊಳ್ಳುವುದು. ನಾನು ಈಚೆ ಸ್ಟೌವಿಗೆ ಪಂಪು ಹೊಡೆಯುತ್ತ ಗಡ್ಡೆ ಬೇಯಿಸುತ್ತಿದ್ದೆ. ಅಪ್ಪಯ್ಯನ ಊಟ ಮುಗಿದು ನಾನು ಕೂರುವ ಹೊತ್ತಿಗೆ ಜಗಲಿ ಗುಡಿಸಿ ಆಗಿರುತ್ತಿತ್ತು. ಆಚೆ ಕೋಣೆಗಳಲ್ಲಿ ಎಲ್ಲರೂ ಮಲಗಿರುತ್ತಿದ್ದರು. ಮಾಡಿದ ಅಡುಗೆ ಬಿಸಾಡಲು ಮನಸ್ಸಾಗದೆ ಅದನ್ನೇ ಉಣ್ಣುತ್ತಿದ್ದೆ. ನನಗೆ ವ್ರತ ಇರಲಿಲ್ಲ, ಇದ್ದದ್ದು ವ್ರತದ ಅಡುಗೆ ಮಾತ್ರ. ಉಡುಪಿಯ ಮನೆಯಲ್ಲಿ ಒಬ್ಬಳೇ ಉಂಡದ್ದಕ್ಕಿಂತ ಅಲ್ಲಿ ಹೆಚ್ಚು ಸಂಕಟವಾಯಿತು. ಮನೆಯಲ್ಲಾದರೆ ಆಚೆ ಯಾರೂ ಇಲ್ಲ ಎಂಬ ಸಮಾಧಾನವಾದರೂ ಇತ್ತು.

ಎಲ್ಲರೂ ನನ್ನನ್ನು ಮರೆತಿದ್ದರು ಎಂದರೆ ಸುಳ್ಳಾಗುತ್ತದೆ. ಸಂಜೆ ನನ್ನನ್ನು ಬಿಟ್ಟು ಯಾರೂ ಕಡಲಿಗೆ ಹೋಗುತ್ತಿರಲಿಲ್ಲ. ಅಣ್ಣನ ಚಿಕ್ಕ ಮಗಳು ನನ್ನ ಕೈ ಹಿಡಿದುಕೊಂಡು, ತೆರೆ ಬಂದಾಗಲೆಲ್ಲ ಅತ್ತೆ ಅತ್ತೆ ಎಂದು ಹಿಂದಕ್ಕೆ ಎಳೆಯುತ್ತಿದ್ದಳು. ಸೀರೆ ಮೊಣಕಾಲಿನವರೆಗೆ ಒದ್ದೆ ಮಾಡಿಕೊಂಡು ನಾನೂ ನಕ್ಕಿದ್ದೇನೆ. ಮೂರನೆಯ ಸಂಜೆ ಬಂಡೆಯ ಬದಿಯಲ್ಲಿ ಕೂತಿದ್ದಾಗ ಅತ್ತಿಗೆ ನನ್ನ ಬೆರಳಿನ ಸುಟ್ಟ ಗಾಯ ನೋಡಿ, ನಿನಗೆ ಇಲ್ಲಿಯೂ ರಜೆ ಇಲ್ಲ ಎಂದು ನಿಜವಾಗಿಯೂ ಬೇಜಾರು ಮಾಡಿಕೊಂಡಳು. ಮರುಕ್ಷಣ, ಆದರೆ ಮಾವನಿಗೆ ನಿನ್ನ ಕೈಯದ್ದೇ ಆಗಬೇಕು ಎಂದೂ ಹೇಳಿದಳು. ಪಕ್ಕದಲ್ಲಿದ್ದ ಭಾವ, ಅದು ಒಂದು ಭಾಗ್ಯ ಎಂದರು. ಅಂಥ ಭಾಗ್ಯವನ್ನು ಅವರಿಗೂ ಸ್ವಲ್ಪ ಹಂಚಬೇಕು ಎಂದು ನಾಲಗೆಯ ತುದಿಗೆ ಬಂತು, ನುಂಗಿಕೊಂಡೆ. ದೀಪಸ್ತಂಭದ ಬೆಳಕು ಆಗಷ್ಟೇ ಸುತ್ತಲು ಶುರುವಾಗಿತ್ತು. ಮಕ್ಕಳು ಅದನ್ನು ಎಣಿಸುತ್ತಿದ್ದರು.

ಅಂದು ರಾತ್ರಿ ತೀರ್ಮಾನ ಮಾಡಿದೆ. ಮರುದಿನ ಕೊನೆಯ ಊಟ. ಮಧ್ಯಾಹ್ನದ ಬಸ್ಸಿಗೆ ಹೊರಡಬೇಕಾದ್ದರಿಂದ ಅಪ್ಪಯ್ಯನೂ ಬೇಗ ಜಪ ಮುಗಿಸಿ ಹನ್ನೆರಡಕ್ಕೆ ಕೂರುವವರಿದ್ದರು. ಬೆಳಿಗ್ಗೆ ಕಾಫಿ ಕುಡಿಯುತ್ತಿದ್ದ ಅಣ್ಣನ ಮುಂದೆ ಹೋಗಿ ನಿಂತೆ.

"ಇವತ್ತು ನಾನೂ ಜಗಲಿಯಲ್ಲಿ ನಿಮ್ಮೊಟ್ಟಿಗೆ ಕೂರುತ್ತೇನೆ."

ಅಣ್ಣ ಆಶ್ಚರ್ಯದಿಂದ ನೋಡಿದ.

"ಕುಳಿತುಕೊ ಮಾರಾಯ್ತಿ. ಬೇಡ ಅಂತ ಹೇಳಿದ್ದು ಯಾರು?"

ಯಾರೂ ಹೇಳಿರಲಿಲ್ಲ. ಅದು ನಿಜ. ನೆನಪು ಮಾಡಿಕೊಂಡರೆ ಅಷ್ಟು ವರ್ಷಗಳಲ್ಲಿ ಯಾರೂ ಯಾವತ್ತೂ ಹಾಗೆ ಹೇಳಿದ್ದೇ ಇಲ್ಲ. ಅಪ್ಪಯ್ಯನಿಗೂ ತಿಳಿಸಿದೆ. ಎಲ್ಲ ಒಮ್ಮೆಗೇ ಬಡಿಸಿಟ್ಟು ಹೋಗು, ನನಗೆ ಎಂತ ಆಗಬೇಕು ಎಂದರು. ಅವರ ಎಲೆಗೆ ಪಲ್ಯ, ಮಜ್ಜಿಗೆಹುಳಿ, ಎರಡು ಸಲಕ್ಕೆ ಸಾಕಾಗುವಷ್ಟು ಅನ್ನ ಬಡಿಸಿದೆ. ಸಾರು ಒಂದು ದೊನ್ನೆಯಲ್ಲಿ, ಮೊಸರು ಇನ್ನೊಂದು ದೊನ್ನೆಯಲ್ಲಿ ಎಲೆಯ ಬಲಕ್ಕೆ ಇಟ್ಟೆ. ನೀರಿನ ಲೋಟ ಎಡಕ್ಕೆ. ಏನೂ ಬಿಟ್ಟಿಲ್ಲ ಎಂದು ಎರಡು ಸಲ ನೋಡಿ, ಕೈಕಾಲು ತೊಳೆದು, ಬೇರೆ ಸೀರೆ ಉಟ್ಟು ಜಗಲಿಗೆ ಬಂದೆ.

ಎಂಟು ಎಲೆ ಹಾಕಿತ್ತು. ತಂಗಿ ತನ್ನ ಪಕ್ಕದ ಮಣೆಯನ್ನು ಕೈಯಿಂದ ಒರೆಸಿ, ಇಲ್ಲಿ ಬಾ ಅಕ್ಕ ಎಂದಳು. ಇನ್ನೊಂದು ಬದಿಯಲ್ಲಿ ಅಣ್ಣನ ಚಿಕ್ಕ ಮಗಳು. ಭಟ್ಟರು ಬಂದು ನನ್ನ ಎಲೆಗೆ ಉಪ್ಪು ಹಾಕಿದರು, ಉಪ್ಪಿನಕಾಯಿ ಹಾಕಿದರು, ಅಲಸಂಡೆಯ ಪಲ್ಯ ಹಾಕಿದರು. ಸಾಕು ಎಂದು ನಾನು ಕೈ ಅಡ್ಡ ಹಿಡಿದಾಗ ಅವರು ಕೇಳಲಿಲ್ಲ. ಒಬ್ಬರು ಬಾಗಿ ನನಗೆ ಬಡಿಸುತ್ತಿದ್ದಾರೆ, ಸಾಕು ಎಂದರೂ ಬಡಿಸುತ್ತಿದ್ದಾರೆ. ನನಗೆ ನಾಚಿಕೆಯಾಯಿತು, ಅಷ್ಟೇ ಸಂತೋಷವೂ ಆಯಿತು. ಬಿಸಿ ಅನ್ನಕ್ಕೆ ತೊವ್ವೆ ಬಿತ್ತು. ತುಪ್ಪ ಬಿತ್ತು. ಹದಿನೈದು ದಿನದಿಂದ ಬೇಳೆಯ ರುಚಿ ನೋಡಿರಲಿಲ್ಲ. ಕಲಸಿ ಮೊದಲ ತುತ್ತು ಬಾಯಿಗಿಟ್ಟಾಗ ತಂಗಿಯ ಮೊಣಕೈ ನನ್ನ ಮೊಣಕೈಗೆ ತಾಗಿತು. ಸಣ್ಣವರಿದ್ದಾಗ ಹೀಗೆ ತಾಗಿದರೆ ಜಗಳಾಡುತ್ತಿದ್ದೆವು. ಈಗ ಇಬ್ಬರೂ ಕೈ ಸರಿಸಲಿಲ್ಲ.

ತಂಗಿ ನನ್ನ ಕಡೆ ಬಾಗಿ, ಉಳಿದವರಿಗೆ ಕೇಳದ ಹಾಗೆ ಮೆಲ್ಲಗೆ ಹೇಳಿದಳು:

"ಅಕ್ಕ, ನೆನಪುಂಟಾ? ಒಂದು ದಿನ ನಾವು ಮೂವರೇ ಕೂತಿದ್ದಾಗ ಅಮ್ಮ ನಿನ್ನ ಬಗ್ಗೆ..."

ಅವಳ ಮುಖದಲ್ಲಿ ಆಗಲೇ ನಗು ತುಂಬಿತ್ತು. ನನಗೂ ಏನೆಂದು ಗೊತ್ತಿಲ್ಲದೆಯೇ ನಗು ಬಂತು. ಆಗ ಗೋಡೆಯ ಆಚೆ ಅಪ್ಪಯ್ಯ ಕೆಮ್ಮಿದರು.

ಸಣ್ಣಕ್ಕೆ, ಒಂದೇ ಸಲ. ಜಗಲಿಯಲ್ಲಿ ಬೇರೆ ಯಾರಿಗೂ ಅದು ಕೇಳಿರಲಾರದು. ನಾನು ಎದ್ದು ನಿಂತಾಗಿತ್ತು. ಏಳಬೇಕು ಎಂದು ಯೋಚಿಸಿ ಎದ್ದದ್ದಲ್ಲ. ಮನಸ್ಸಿಗೆ ತಿಳಿಯುವ ಮೊದಲೇ ಕಾಲು ಎದ್ದಿತ್ತು, ಎಂಜಲು ಕೈ ಹಾಗೆಯೇ ಮೇಲೆ ಹಿಡಿದುಕೊಂಡು ಹಿಂಬದಿಯ ಕೋಣೆಯ ಬಾಗಿಲಿಗೆ ಬಂದಿದ್ದೆ. ಒಳಗೆ ಅಪ್ಪಯ್ಯನ ಎಲೆ ಮಡಚಿತ್ತು. ದೊನ್ನೆಗಳು ಖಾಲಿಯಾಗಿದ್ದವು. ಅವರು ಹಿಂದಿನ ಬಾಗಿಲಿನಿಂದ ಹೊರಗೆ ಹೋಗಿ ಬಾವಿಕಟ್ಟೆಯಲ್ಲಿ ಕೈ ತೊಳೆಯುತ್ತಿದ್ದರು. ಕಡಲ ಗಾಳಿಗೋ ಏನೋ ಇನ್ನೊಮ್ಮೆ ಕೆಮ್ಮಿ ಬಾಯಿ ಮುಕ್ಕಳಿಸಿದರು. ಅದು ಬರೀ ಕೆಮ್ಮು.

ನನ್ನನ್ನು ನೋಡಿ ಅವರು ಶಾಲು ಹೆಗಲಿಗೆ ಹಾಕಿಕೊಂಡರು.

"ಊಟ ಆಯಿತಾ?"

"ಆಯಿತು" ಎಂದೆ.

ಸುಳ್ಳೂ ಅಲ್ಲ. ಊಟದ ನಡುವೆ ಎಲೆ ಬಿಟ್ಟು ಎದ್ದರೆ ನಮ್ಮಲ್ಲಿ ಊಟ ಮುಗಿದ ಹಾಗೆಯೇ, ಮತ್ತೆ ಅದೇ ಎಲೆಗೆ ಕೂರುವ ಕ್ರಮ ಇಲ್ಲ. ಅಪ್ಪಯ್ಯನೇ ನಮಗೆ ಸಣ್ಣದರಲ್ಲಿ ಹೇಳಿಕೊಟ್ಟದ್ದು. ಅದೇ ಬಾವಿಕಟ್ಟೆಯಲ್ಲಿ, ಅವರು ತೊಳೆದ ಜಾಗದಲ್ಲೇ ನಾನೂ ಕೈ ತೊಳೆದೆ. ಬೆರಳುಗಳಲ್ಲಿ ತುಪ್ಪದ ಜಿಡ್ಡು ಇತ್ತು, ಸುಲಭದಲ್ಲಿ ಹೋಗಲಿಲ್ಲ.

ಜಗಲಿಗೆ ಬರುವಾಗ ಕಡಲೆಬೇಳೆಯ ಪಾಯಸ ಬಡಿಸುತ್ತಿದ್ದರು. ಭಟ್ಟರು ನನ್ನ ಎಲೆಯ ಮುಂದೆ ಒಂದು ಗಳಿಗೆ ನಿಂತು, ಖಾಲಿ ಮಣೆ ನೋಡಿ, ದಾಟಿ ಮುಂದಿನ ಎಲೆಗೆ ಹೋದರು. ಭಾವ ಏನೋ ಹೇಳುತ್ತಿದ್ದರು, ತಂಗಿ ಅವರ ಕಡೆ ತಿರುಗಿ ನಗುತ್ತಿದ್ದಳು. ನನ್ನನ್ನು ಕಂಡು, ನಿನ್ನದು ಇಷ್ಟು ಬೇಗ ಆಯಿತಾ ಎಂದು ಕೇಳಿದಳು. ಹಸಿವಿರಲಿಲ್ಲ ಎಂದೆ. ಅವಳು ನಂಬಿದಳು. ನಾನು ಒಳಗೆ ಹೋಗಿ ಸ್ಟೌವಿನ ಎಣ್ಣೆ ಬಸಿದು ಪಾತ್ರೆ ಕಟ್ಟಿದೆ.

ಕಟಪಾಡಿಯವರೆಗೆ ಬಸ್ಸಿನಲ್ಲಿ ತಂಗಿ ನನ್ನ ಪಕ್ಕದಲ್ಲೇ ಕೂತಿದ್ದಳು, ಮಡಿಲಲ್ಲಿ ಮಗಳು ನಿದ್ದೆ ಹೋಗಿದ್ದಳು. ತುಂಬ ಹೊತ್ತು ತಡೆದುಕೊಂಡೆ. ಕೊನೆಗೆ ಕೇಳಿದೆ, ಊಟಕ್ಕೆ ಕೂತಿದ್ದಾಗ ಅಮ್ಮನದ್ದು ಏನೋ ಹೇಳಹೊರಟಿದ್ದೆಯಲ್ಲ, ಏನದು ಎಂದು.

ತಂಗಿ ನೆನಪು ಮಾಡಿಕೊಂಡಳು. ಮಗಳ ಕೂದಲು ಸವರುತ್ತ, ನಿಜವಾಗಿ ಪ್ರಯತ್ನಪಟ್ಟು ನೆನಪು ಮಾಡಿಕೊಂಡಳು.

"ಎಂತದೋ ಇತ್ತು ಅಕ್ಕ. ಈಗ ಬರುವುದಿಲ್ಲ" ಎಂದಳು.

ಆಮೇಲೆಯೂ ಹಬ್ಬಕ್ಕೆ, ಮದುವೆಗೆ, ತಿಥಿಗೆ ಸಿಕ್ಕಾಗಲೆಲ್ಲ ಕೇಳಿದ್ದೇನೆ. ಅವಳಿಗೆ ನೆನಪಾಗಲಿಲ್ಲ. ಅಮ್ಮ ನನ್ನ ಬಗ್ಗೆ ಹೇಳಿದ ಆ ಒಂದು ಮಾತು ಗೊತ್ತಿದ್ದವರು ಈಗ ಯಾರೂ ಇಲ್ಲ.